ಮೂಸಿ ನೀರು, ನಾಚಾರಂ ಸೊಪ್ಪು

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಅಭ್ಯಾಸ ಇದೆ. ಊರಿಂದ ನೆಂಟರು ಬಂದರೆ ಚಾರ್‌ಮಿನಾರ್ ಆಯಿತು, ಸಾಲಾರ್‌ಜಂಗ್ ಮ್ಯೂಸಿಯಂ ಆಯಿತು, ಮೂರನೆಯ ದಿನ ಗಂಡಿಪೇಟೆಗೆ ಕರೆದುಕೊಂಡು ಹೋಗಿ, ಕೆರೆ ಏರಿಯ ಮೇಲೆ ನಿಲ್ಲಿಸಿ, "ನೋಡಿ, ಇದು ನಮ್ಮ ವಿಶ್ವೇಶ್ವರಯ್ಯನವರ ಯೋಜನೆ" ಅನ್ನುವುದು. ನಾನೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಅದೇ ನದಿಯನ್ನು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಕೆಳಗೆ, ನಾಗೋಲ್ ಸೇತುವೆಯ ಮೇಲೆ ನಿಂತು ನೆಂಟರಿಗೆ ತೋರಿಸಿದವರನ್ನು ನಾನು ಕಂಡಿಲ್ಲ. ಅಲ್ಲಿ ಮೂಗು ಮುಚ್ಚಿಕೊಳ್ಳಬೇಕು, ಫೋಟೋ ಕೂಡ ಚೆನ್ನಾಗಿ ಬರುವುದಿಲ್ಲ. ನಾಚಾರಂನಲ್ಲಿರುವ ನನಗೆ ಮಾತ್ರ ಗಂಡಿಪೇಟೆಗಿಂತ ನಾಗೋಲೇ ಹತ್ತಿರ. ದೂರದ ಲೆಕ್ಕದಲ್ಲಿ ಐದಾರು ಕಿಲೋಮೀಟರ್. ಊಟದ ತಟ್ಟೆಯ ಲೆಕ್ಕದಲ್ಲಿ ಇನ್ನೂ ಹತ್ತಿರ.

ನಾನು ಇಲ್ಲಿಗೆ ಬಂದದ್ದು 1987ರಲ್ಲಿ, ನಾಚಾರಂ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕೆಲಸಕ್ಕೆ. ಸಾಗರದ ಕಡೆಯವನಾದ ನನಗೆ ಸೊಪ್ಪು ಅಂದರೆ ಹಿತ್ತಿಲಿನ ಹರಿವೆ, ಚಪ್ಪರದ ಬಸಳೆ. ಇಲ್ಲಿ ಬೆಳಗಾಗುತ್ತಲೇ ಬುಟ್ಟಿ ಹೊತ್ತ ಹೆಂಗಸರು ಬೀದಿಗೆ ಬಂದು "ಪಾಲಕೂರ, ತೋಟಕೂರ, ಚುಕ್ಕಕೂರ, ಗೋಂಗೂರ" ಅಂತ ರಾಗವಾಗಿ ಕೂಗುವುದನ್ನು ಕೇಳಿ ಖುಷಿಯಾಗಿತ್ತು. ತೋಟಕೂರ ಅಂದರೆ ನಮ್ಮ ಹರಿವೆಯೇ, ಗೋಂಗೂರ ಅಂದರೆ ಉತ್ತರ ಕರ್ನಾಟಕದವರ ಪುಂಡಿಪಲ್ಯ. ಅಷ್ಟು ಅಗ್ಗಕ್ಕೆ ಅಷ್ಟು ಹಸಿರು! ಬೇಸಿಗೆಯಲ್ಲೂ ಸೊಪ್ಪು ಬಾಡುತ್ತಿರಲಿಲ್ಲ. ನೆಲವೆಲ್ಲ ಬಿರುಕು ಬಿಟ್ಟ ಮೇ ತಿಂಗಳಲ್ಲಿ ಇಷ್ಟು ಸೊಂಪಾದ ಪಾಲಕ್ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಗೆ ಪಕ್ಕದ ಮನೆಯ ತೆಲುಗು ಅಜ್ಜಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದರು: "ಮೂಸೀ ನೀಳ್ಳು ಬಾಬು."

ಅಂದಿನಿಂದ ನಮ್ಮ ಮನೆಯಲ್ಲೂ ಸೊಪ್ಪು ಕೊಳ್ಳುವ ಮೊದಲು ಆ ಪ್ರಶ್ನೆ ಕೇಳುವುದು ರೂಢಿಯಾಯಿತು. "ಮೂಸೀದಾ ಅಮ್ಮಾ ಇದಿ?" ಅಂತ ನನ್ನವಳು ಕೇಳುವುದು, "ಕಾದಮ್ಮಾ, ಘಟ್‌ಕೇಸರ್ ದಗ್ಗರದಿ" ಅಂತ ಆಕೆ ಹೇಳುವುದು. ಮೂವತ್ತು ವರ್ಷದಲ್ಲಿ ಒಬ್ಬಳೂ "ಹೌದು, ಮೂಸೀದೇ" ಅಂದದ್ದಿಲ್ಲ. ತಮಾಷೆ ಅಂದರೆ ಘಟ್‌ಕೇಸರ್ ಕಡೆಯ ಎಷ್ಟೋ ಹೊಲಗಳಿಗೆ ಹರಿಯುವುದೂ ಮೂಸಿಯ ಕಾಲುವೆ ನೀರೇ. ಆಕೆ ಸುಳ್ಳು ಹೇಳಲಿಲ್ಲ, ನಾವು ಕೇಳಿದ್ದಕ್ಕೆ ಉತ್ತರವೂ ಕೊಡಲಿಲ್ಲ.

ಈ ಸೊಪ್ಪಿನಲ್ಲಿ ಏನಿದೆ ಅಂತ ಹೇಳಬೇಕಾದರೆ ನದಿ ಹೀಗೆ ಆದದ್ದು ಹೇಗೆ ಅಂತ ಮೊದಲು ಹೇಳಬೇಕು. ಆ ಕತೆ ಶುರುವಾಗುವುದು 1908ರ ಸೆಪ್ಟೆಂಬರ್ 28ರಂದು.

ಆ ದಿನ ಮೂಸಿಗೆ ಬಂದ ಪ್ರವಾಹದಲ್ಲಿ ಸುಮಾರು 15 ಸಾವಿರ ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜ್‌ನ ಆಸ್ಪತ್ರೆ ಆವರಣದ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರು. ಆ ಮರ ಇವತ್ತಿಗೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸರ್ಕಾರ ಇನ್ನೊಮ್ಮೆ ಹೀಗಾಗದಂತೆ ದಾರಿ ಹುಡುಕಲು ಕರೆಸಿದ್ದು, ಮುಂಬೈ ಸರ್ಕಾರದ ಸೇವೆ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದರು, ಕೆಲವೇ ತಿಂಗಳಿದ್ದರು. ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟೂ ಹೋದರು. ಆದರೆ ಆ ಕೆಲವು ತಿಂಗಳಲ್ಲಿ ಅವರು ಕಂಡುಕೊಂಡದ್ದು ಮುಖ್ಯ. ಮೇಲಿನ ಜಲಾನಯನದಲ್ಲಿ ನೂರಾರು ಕೆರೆಗಳಿದ್ದವು. ಅತಿಯಾದ ಮಳೆಗೆ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೆ ಒಂದರಂತೆ ಒಡೆದು ನಗರದ ಮೇಲೆ ಬಿದ್ದಿದ್ದವು. ನಗರದ ಮೇಲ್ಭಾಗದಲ್ಲಿ ಎರಡು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿಯಬೇಕು ಅನ್ನುವುದು ಅವರ ಸಲಹೆ. 1920ರಲ್ಲಿ ಮೂಸಿಗೆ ಅಡ್ಡಲಾಗಿ ಉಸ್ಮಾನ್‌ಸಾಗರ ಮುಗಿಯಿತು, ಗಂಡಿಪೇಟೆ ಅನ್ನುವುದು ಇದನ್ನೇ. 1927ರಲ್ಲಿ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್‌ಸಾಗರ ಮುಗಿಯಿತು. ಪ್ರವಾಹದ ಭಯವೂ ಬಹುಮಟ್ಟಿಗೆ ಹೋಯಿತು, ನಗರಕ್ಕೆ ಕುಡಿಯುವ ನೀರೂ ಸಿಕ್ಕಿತು.

ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಮಾಡಿಕೊಟ್ಟ ಇನ್ನೊಂದು ಕೆಲಸದ ಬಗ್ಗೆ ನಾವು ಏರಿಯ ಮೇಲೆ ನಿಂತು ಹೇಳುವುದಿಲ್ಲ, ಬಹುಶಃ ಅದು ಫೋಟೋಗೆ ಒಗ್ಗುವಂಥದ್ದಲ್ಲ ಅಂತ. ಅದು ಒಳಚರಂಡಿ. ಆ ಯೋಜನೆಗಾಗಿ ಅವರು ಮೈಸೂರಿನ ದಿವಾನಗಿರಿ ಬಿಟ್ಟ ಮೇಲೆ ಮತ್ತೆ ಇಲ್ಲಿಗೆ ಬಂದುಹೋದರು. 1930ರ ದಶಕದ ಆರಂಭದಲ್ಲಿ ಸುಮಾರು ಐದು ಲಕ್ಷ ಜನರಿಗೆ ಸಾಕಾಗುವಂತೆ ಕೊಳವೆ ಹಾಕಲಾಯಿತು. ಇಳಿಜಾರು ಇದ್ದದ್ದು ಪೂರ್ವಕ್ಕೆ, ಅಂಬರ್‌ಪೇಟೆ ಕಡೆಗೆ. ಆ ಕಾಲದ ಮಟ್ಟಿಗೆ ಅದು ಭಾರತದ ಉತ್ತಮ ಒಳಚರಂಡಿಗಳಲ್ಲೊಂದು. ಪ್ಲೇಗು, ಕಾಲರಾದಿಂದ ತತ್ತರಿಸುತ್ತಿದ್ದ ಊರಿಗೆ ಅದು ಬೇಕೇ ಬೇಕಿತ್ತು. ಹಾಗಾಗಿ ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಕಾರಣವೂ ಇಲ್ಲ. ಐದು ಲಕ್ಷ ಜನರಿಗೆ ಮಾಡಿಟ್ಟ ಏರ್ಪಾಟನ್ನು ಎಪ್ಪತ್ತು ಎಂಬತ್ತು ಲಕ್ಷ ಜನ ಬಳಸಿದರೆ ಎಂಜಿನಿಯರ್ ಏನು ಮಾಡಬೇಕು?

ಆದರೆ ಪರಿಣಾಮ ನೋಡಿ. ಮೇಲೆ ಒಳ್ಳೆಯ ನೀರನ್ನೆಲ್ಲ ಹಿಡಿದಿಟ್ಟೆವು. ಅಣೆಕಟ್ಟು ತುಂಬಿ ಬಾಗಿಲು ತೆರೆದ ದಿನ ಬಿಟ್ಟರೆ ಕೆಳಗೆ ಮೂಸಿಗೆ ತನ್ನದು ಅನ್ನುವ ನೀರು ಉಳಿಯಲಿಲ್ಲ. ಖಾಲಿಯಾದ ಪಾತ್ರಕ್ಕೆ ನಗರ ತನ್ನ ಕೊಳಚೆ ಬಿಟ್ಟಿತು. ಎರಡು ಕೆರೆ ಸಾಲದಾದಾಗ 1960ರ ದಶಕದಿಂದ ಮಂಜೀರಾ ನೀರು ಬಂತು, 2004ರಿಂದ ಕೃಷ್ಣೆ ಬಂದಳು, 2015ರಲ್ಲಿ ಗೋದಾವರಿ. ಇವೆಲ್ಲ ಮನೆಗಳಿಗೆ ಹೋಗಿ, ಸ್ನಾನವಾಗಿ, ಪಾತ್ರೆ ತೊಳೆದು, ಕಕ್ಕಸಿಗೆ ಹೋಗಿ ಕೊನೆಗೆ ಸೇರುವುದು ಮೂಸಿಗೆ. ಬೀದರ್ ಜಿಲ್ಲೆ ದಾಟಿ ಬಂದ ಮಂಜೀರೆ, ರಾಯಚೂರು ದಾಟಿ ಬಂದ ಕೃಷ್ಣೆ ನಮ್ಮ ಬಚ್ಚಲಿನ ಮೂಲಕ ಒಂದು ಸುತ್ತು ಹಾಕಿ ನಾಗೋಲ್ ಸೇತುವೆಯ ಕೆಳಗೆ ಕಪ್ಪಾಗಿ ಹರಿಯುತ್ತಾರೆ. ಮತ್ತೆ ವಾಡಪಲ್ಲಿಯ ಹತ್ತಿರ ಮೂಸಿ ಹೋಗಿ ಕೂಡುವುದೂ ಕೃಷ್ಣೆಯನ್ನೇ. 2020ರ ಸುಮಾರಿಗೆ ಜಲಮಂಡಳಿ ಹೇಳುತ್ತಿದ್ದ ಲೆಕ್ಕ: ನಗರ ದಿನಕ್ಕೆ ಹೊರಹಾಕುವ ಕೊಳಚೆ ಸುಮಾರು 195 ಕೋಟಿ ಲೀಟರ್, ಆಗ ಇದ್ದ ಘಟಕಗಳ ಸಾಮರ್ಥ್ಯ ಅದರ ಅರ್ಧಕ್ಕೂ ಕಡಿಮೆ, 77 ಕೋಟಿ ಲೀಟರ್. ಆಮೇಲೆ ಮೂವತ್ತೊಂದು ಹೊಸ ಘಟಕಗಳ ಕೆಲಸ ಕೈಗೆತ್ತಿಕೊಂಡರು.

ಇದರಿಂದ ಒಬ್ಬರಿಗೆ ಲಾಭವೂ ಆಯಿತು. ಹಿಂದೆ ಮಳೆಗಾಲ ಮುಗಿದರೆ ಒಣಗುತ್ತಿದ್ದ ನದಿ ಈಗ ವರ್ಷವಿಡೀ ಹರಿಯತೊಡಗಿತು. ನಿಜಾಮರಿಗಿಂತ ಹಿಂದಿನಿಂದಲೂ ಮೂಸಿಗೆ ಅಡ್ಡಲಾಗಿ ಸಣ್ಣ ಒಡ್ಡುಗಳನ್ನು ಕಟ್ಟಿ ಕಾಲುವೆಗೆ ನೀರು ತಿರುಗಿಸುವ ಪದ್ಧತಿ ಇತ್ತು. ಇಲ್ಲಿಯವರು ಅದಕ್ಕೆ ಕತ್ವಾ ಅನ್ನುತ್ತಾರೆ. ಆ ಕಾಲುವೆಗಳ ಕೆಳಗಿನ ರೈತರಿಗೆ ಬರಗಾಲ ಅನ್ನುವುದೇ ಇಲ್ಲವಾಯಿತು. ಅಂಬರ್‌ಪೇಟೆ, ರಾಮಂತಾಪುರ, ಉಪ್ಪಲ್, ನಾಗೋಲ್, ಪೀರ್ಜಾದಿಗೂಡ ದಂಡೆಗಳಲ್ಲಿ ಸೊಪ್ಪು ಮತ್ತು ಹುಲ್ಲು, ಇನ್ನೂ ಕೆಳಗೆ ಭತ್ತ. ಹುಲ್ಲು ಅಂದರೆ ಪ್ಯಾರಾ ಹುಲ್ಲು, ಎಂಥ ಕೊಳಚೆಯಲ್ಲೂ ಆಳೆತ್ತರ ಬೆಳೆಯುವ ಜಾತಿ. ಕೊಯ್ದು ಕಟ್ಟು ಕಟ್ಟಿ ಮಾರುತ್ತಾರೆ, ನಗರದೊಳಗಿನ ಎಮ್ಮೆಗಳಿಗೆ ಅದೇ ಮೇವು. ಎಮ್ಮೆಯ ಗಟ್ಟಿ ಹಾಲಿಲ್ಲದೆ ಹೈದರಾಬಾದಿನ ಚಹಾ ಇಲ್ಲ. ಆ ಚಹಾವನ್ನು ನೀವು ಹೊಗಳಿದಾಗ ಸ್ವಲ್ಪ ಮೂಸಿಯನ್ನೂ ಹೊಗಳಿದ ಹಾಗೆ.

ಬರೀ ಮನೆಗಳ ಕೊಳಚೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ, ಬೆಳೆಗೆ ಅದು ಗೊಬ್ಬರವೇ. ರೋಗಾಣು ಇರುತ್ತವೆ, ಬೇಯಿಸಿದರೆ ಸಾಯುತ್ತವೆ. ಆದರೆ ಹೈದರಾಬಾದ್ 1960ರ ನಂತರ ಕಾರ್ಖಾನೆಗಳ ಊರಾಯಿತು. ಸನತ್‌ನಗರ, ಬಾಲಾನಗರ, ಜೀಡಿಮೆಟ್ಲ, ಪಟಾನ್‌ಚೆರು, ಇತ್ತ ನಮ್ಮ ನಾಚಾರಂ, ಮಲ್ಲಾಪುರ, ಉಪ್ಪಲ್, ಚರ್ಲಪಲ್ಲಿ. ಲೋಹಕ್ಕೆ ಮುಲಾಮು ಹಾಕುವ ಪ್ಲೇಟಿಂಗ್ ಶೆಡ್ಡುಗಳು, ಬ್ಯಾಟರಿ ರಿಪೇರಿ, ಬಣ್ಣ, ಚರ್ಮ, ಔಷಧಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ರಸ್ತೆಯ ಚರಂಡಿಯಲ್ಲಿ ಒಂದು ದಿನ ಹಸಿರು, ಒಂದು ದಿನ ಹಳದಿ ನೀರು ಹರಿಯುತ್ತಿತ್ತು. ಯಾವ ಶೆಡ್ಡಿನದು ಅಂತ ಯಾರೂ ಕೇಳುತ್ತಿರಲಿಲ್ಲ. ಹಳದಿ ಕಂಡರೆ "ಇವತ್ತು ಕ್ರೋಮ್ ಬಿಟ್ಟಿದ್ದಾರೆ" ಅಂತ ಹಳಬರು ಹೇಳಿ ಮುಂದೆ ಹೋಗುತ್ತಿದ್ದರು. ಇಳಿಜಾರು ಮೂಸಿಯ ಕಡೆಗೇ.

ಪಟಾನ್‌ಚೆರು ಇರುವುದು ನಗರದ ಇನ್ನೊಂದು ತುದಿಯಲ್ಲಿ, ಅದಕ್ಕೂ ನಮಗೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಒಂದು ಕೊಳವೆಯದು. ಪಟಾನ್‌ಚೆರು ಸುತ್ತಿನ ಹಳ್ಳಿಗಳ ಕೆರೆ ಬಾವಿ ಹಾಳಾದ ಪ್ರಕರಣ 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿನ ನಕ್ಕವಾಗು ಹಳ್ಳವನ್ನು ಉಳಿಸಲು ಕೊನೆಗೆ ಕಂಡುಕೊಂಡ ಉಪಾಯ, ಕಾರ್ಖಾನೆಗಳ ಸಂಸ್ಕರಿಸಿದ ನೀರನ್ನು 18 ಕಿಲೋಮೀಟರ್ ಕೊಳವೆಯಲ್ಲಿ ತಂದು ನಗರದ ಒಳಚರಂಡಿಗೆ ಸೇರಿಸಿ ಅಂಬರ್‌ಪೇಟೆಗೆ ಕಳಿಸುವುದು. ಮಂಜೀರಾ ಕಡೆಯ ಹಳ್ಳಿಗಳಿಗೆ ಅದು ನ್ಯಾಯವೇ, ಮೂಸಿ ಕೆಳಗಿನ ಹಳ್ಳಿಗಳನ್ನು ಯಾರೂ ಕೇಳಲಿಲ್ಲ. ಆ ಸಂಸ್ಕರಿಸಿದ ನೀರಿನಲ್ಲಿ ಏನಿತ್ತು ಅನ್ನುವುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದರು. ಪಟಾನ್‌ಚೆರುವಿನ ಘಟಕದಿಂದ ಹೊರಬರುವ ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು! ಕೊಳಚೆ ಘಟಕಗಳನ್ನು ಕಟ್ಟುವುದು ಮಲ, ಜಿಡ್ಡು, ದುರ್ವಾಸನೆ ತೆಗೆಯಲು. ಲೋಹ, ಉಪ್ಪು, ಔಷಧಿ ತೆಗೆಯುವುದು ಅವುಗಳ ಕೆಲಸವೇ ಅಲ್ಲ.

ಈಗ ಸೊಪ್ಪಿಗೆ ಬರೋಣ. ನಮ್ಮ ಕಡೆಯವರೇ, ಹೈದರಾಬಾದಿನಲ್ಲೇ ಇರುವ ವಿಜ್ಞಾನಿಗಳು ಮೂಸಿ ದಂಡೆಯ ಮಣ್ಣು, ಹುಲ್ಲು, ಹಾಲು, ಸೊಪ್ಪು ಎಲ್ಲವನ್ನೂ ಪರೀಕ್ಷಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚಿನ ಅಪಾಯ ಕಂಡದ್ದು ಸತು, ಆಮೇಲೆ ಕ್ರೋಮಿಯಂ, ಸೀಸ. ತರಕಾರಿಗಳಲ್ಲಿ ಮುಂದಿದ್ದದ್ದು ಸೊಪ್ಪುಗಳು, ಅದರಲ್ಲೂ ಪಾಲಕ್ ಮತ್ತು ಹರಿವೆ. ಅದಕ್ಕೆ ಕಾರಣ ಇದೆ. ಎಲೆ ದಿನವಿಡೀ ನೀರು ಎಳೆದು ಆವಿಯಾಗಿ ಬಿಡುತ್ತದೆ, ನೀರಿನಲ್ಲಿ ಕರಗಿ ಬಂದದ್ದು ಎಲೆಯಲ್ಲೇ ಉಳಿಯುತ್ತದೆ. ಬೆಂಡೆಕಾಯಿ, ಬದನೆಕಾಯಿಯವರೆಗೆ ಅದು ಅಷ್ಟಾಗಿ ತಲುಪುವುದಿಲ್ಲ.

ಲೋಹಗಳಲ್ಲೂ ಒಂದೊಂದರ ಸ್ವಭಾವ ಬೇರೆ. ಸೀಸವನ್ನು ಬೇರು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಎಲೆಯಲ್ಲಿ ಸಿಗುವ ಸೀಸದಲ್ಲಿ ಬಹುಪಾಲು ಮೇಲೆ ಕೂತ ಮಣ್ಣು, ಧೂಳಿನದು. ಹಾಗಾಗಿ ಮೂರ್ನಾಲ್ಕು ನೀರಿನಲ್ಲಿ ಚೆನ್ನಾಗಿ ತೊಳೆದರೆ ಒಂದಿಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಅದು ಬೇರಿನಿಂದ ಎಲೆಯ ಒಳಗೇ ಸೇರುತ್ತದೆ. ಉಪ್ಪು ನೀರಲ್ಲಿ ನೆನೆಸಿ, ಅರಿಶಿನ ಹಾಕಿ, ಏನು ಮಾಡಿದರೂ ಅದು ಬರುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹಕ್ಕೆ ಸಾವಿಲ್ಲ. ನಮ್ಮ ದೇಹದಲ್ಲಿ ಕ್ಯಾಡ್ಮಿಯಂ ಹೋಗಿ ಕೂರುವುದು ಕಿಡ್ನಿಯಲ್ಲಿ. ಸೇರಿದ್ದರಲ್ಲಿ ಅರ್ಧ ಹೊರಗೆ ಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಸೀಸ ಎಲುಬಿನಲ್ಲಿ ಅಡಗುತ್ತದೆ, ಬಸುರಿಯಾದಾಗ ಎಲುಬಿನಿಂದ ಹೊರಟು ಮಗುವಿನವರೆಗೂ ಹೋಗುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸದವರೆಗೆ ತೊಂದರೆ ಇಲ್ಲ ಅಂತ ಹೇಳುವ ಮಿತಿಯೇ ಇಲ್ಲ ಅನ್ನುವುದು ಈಗಿನ ತಿಳಿವಳಿಕೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ತಜ್ಞರ ಸಮಿತಿ ಹಿಂದೆ ಹಾಕಿಕೊಟ್ಟಿದ್ದ ವಾರದ ಮಿತಿಯನ್ನು ವಾಪಸು ಪಡೆಯಿತು. ನಮ್ಮ ಹಳೆಯ ಆಹಾರ ಕಲಬೆರಕೆ ತಡೆ ಕಾಯ್ದೆಯ ನಿಯಮದಲ್ಲಿ ಸೀಸಕ್ಕೆ ಕಿಲೋಗೆ 2.5 ಮಿಲಿಗ್ರಾಂವರೆಗೆ ಅವಕಾಶ ಇತ್ತು. ಸೊಪ್ಪಿಗೆ ಅಂತಾರಾಷ್ಟ್ರೀಯ ಕೋಡೆಕ್ಸ್ ಮಿತಿ 0.3. ಎಷ್ಟೋ ವರ್ಷ ನಾವು 'ಮಿತಿಯೊಳಗಿದೆ' ಅಂತ ನೆಮ್ಮದಿಯಿಂದ ತಿಂದದ್ದರ ಮಿತಿ ಎಂಥದ್ದು ನೋಡಿ.

ಹಾಲಿನ ವಿಷಯದಲ್ಲಿ ಸ್ವಲ್ಪ ಸಮಾಧಾನ ಇದೆ. ಹುಲ್ಲಿನಲ್ಲಿ ಇದ್ದ ಲೋಹದಲ್ಲಿ ಹಾಲಿಗೆ ಇಳಿಯುವುದು ಸಣ್ಣ ಪಾಲು. ಉಳಿದದ್ದು ಸಗಣಿಯಲ್ಲಿ ಹೋಗುತ್ತದೆ, ಇಲ್ಲವೇ ಎಮ್ಮೆಯ ಎಲುಬು, ಪಿತ್ತಜನಕಾಂಗ, ಕಿಡ್ನಿಗಳಲ್ಲಿ ಕೂರುತ್ತದೆ. ಎಮ್ಮೆ ನಮ್ಮ ಪಾಲಿನ ವಿಷವನ್ನು ತಾನು ಇಟ್ಟುಕೊಳ್ಳುತ್ತದೆ ಅಂತಲೇ ಹೇಳಬೇಕು. ಹಾಗಂತ ಹಾಲು ಶುದ್ಧ ಅಂತಲ್ಲ, ದಿನಕ್ಕೆ ಎರಡು ಲೋಟ ಕುಡಿಯುವ ಮಗುವಿಗೆ ಸಣ್ಣ ಪಾಲೂ ಲೆಕ್ಕಕ್ಕೆ ಬರುತ್ತದೆ.

ಇದನ್ನೆಲ್ಲ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಒಂದು ಕಾರ್ಯಕ್ರಮದ ದಿನ ಕಾಫಿ ಕುಡಿಯುತ್ತಾ ಹೇಳಿದಾಗ ಗೆಳೆಯರೊಬ್ಬರು ಕೇಳಿದರು: "ಸರಿ ಸ್ವಾಮಿ, ಮೂಸಿ ಸೊಪ್ಪು ತಿಂದು ಇಂಥವರಿಗೆ ಇಂಥ ಕಾಯಿಲೆ ಬಂತು ಅಂತ ಒಬ್ಬರನ್ನಾದರೂ ತೋರಿಸಿ." ನ್ಯಾಯವಾದ ಪ್ರಶ್ನೆ. ತೋರಿಸಲಾಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ನಮ್ಮೂರಿನ ಕಡೆಯ ಒಂದು ಕತೆ ಹೇಳುತ್ತೇನೆ.

1975ರಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಒಂದು ವಿಚಿತ್ರ ಕಾಯಿಲೆ ಸುದ್ದಿಯಾಯಿತು. ಸೊಂಟ, ಮೊಣಕಾಲಿನ ಕೀಲು ಸವೆದು ನೋವು, ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳು. ಬಂದದ್ದು ಬಹುತೇಕ ದಲಿತ ಕುಟುಂಬಗಳಿಗೆ, ಗದ್ದೆ ಕೂಲಿಯವರಿಗೆ. ನಾನಾಗ ಹುಡುಗ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ, ಮೀನಿಗೆ ಸೇರಿ, ಅದನ್ನು ತಿಂದವರಿಗೆ ಹೀಗಾಗಿದೆ ಅನ್ನುವ ಮಾತು ಊರೂರು ಹಬ್ಬಿತು. ಹಸಿರು ಕ್ರಾಂತಿಯ ಔಷಧಿ ಆಗಷ್ಟೇ ಮಲೆನಾಡಿಗೆ ಬಂದಿತ್ತು, ಮಾತು ನಂಬುವ ಹಾಗೇ ಇತ್ತು. ಅಧ್ಯಯನಕ್ಕೆ ಬಂದವರು ಯಾರು ಗೊತ್ತೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು. ಆ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ವಿಚಾರಣೆಗೆಂದು ಒಂದು ಸಣ್ಣ ಘಟಕವಾಗಿ ಹುಟ್ಟಿ, 1958ರಲ್ಲಿ ಇಲ್ಲಿಗೆ ಬಂತು. ಈಗಲೂ ತಾರ್ನಾಕದಲ್ಲಿದೆ, ನಾಚಾರಂನಿಂದ ಮೂರ್ನಾಲ್ಕು ಕಿಲೋಮೀಟರ್. ಎಷ್ಟೋ ವರ್ಷ ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವಾಗ ನನಗೆ ಹಂದಿಗೋಡಿನ ನೆನಪಾಗುತ್ತಿತ್ತು. ಅವರು 1977ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಅಂತ ಕರೆದರು. ಕುಟುಂಬಗಳಲ್ಲಿ ಹರಿಯುವ ಕಾಯಿಲೆ ಅನ್ನುವ ಸುಳಿವು ಹೆಸರಿನಲ್ಲೇ ಇತ್ತು. ಮುಂದಿನ ವರ್ಷಗಳಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯವರ ಅಧ್ಯಯನಗಳೂ ಅದು ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಆನುವಂಶಿಕ ಮೂಳೆ ದೋಷ ಅಂತ ಹೇಳಿದವು. ಅಷ್ಟು ಹೊತ್ತಿಗೆ ಏಡಿ ತಿನ್ನುವವರು ಸಾಕಷ್ಟು ಬೈಸಿಕೊಂಡಿದ್ದರು. ಕೂಲಿಯವರಿಗೆ ದುಡ್ಡಿಲ್ಲದೆ ಸಿಗುವ ಒಂದೇ ಮಾಂಸ ಅದು, ಅದರ ಮೇಲೇ ಅಪವಾದ.

ಇದಕ್ಕೆ ಪೂರ್ತಿ ವಿರುದ್ಧವಾದ ಕತೆ ಜಪಾನಿನದು. ತೊಯಾಮಾ ಪ್ರಾಂತದ ಜಿನ್‌ಜೂ ನದಿ ದಂಡೆಯ ಹೆಂಗಸರಿಗೆ ಎಲುಬು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂಥ ಕಾಯಿಲೆ. 'ಇತಾಯ್ ಇತಾಯ್', ಅಂದರೆ ನೋವು ನೋವು ಅನ್ನುವುದೇ ಕಾಯಿಲೆಯ ಹೆಸರಾಯಿತು. ಅಲ್ಲಿಯೂ ಮೊದಲು ಅಪೌಷ್ಟಿಕತೆ, ಅದು ಇದು ಅಂದರು. ಕೊನೆಗೆ ಕಾರಣ ಸಿಕ್ಕಿದ್ದು ಮೇಲಿನ ಕಾಮಿಯೋಕಾ ಗಣಿಯಲ್ಲಿ. ಅಲ್ಲಿಂದ ಕ್ಯಾಡ್ಮಿಯಂ ನದಿಗೆ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ. ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ, ಕಾಯಿಲೆ ಶುರುವಾಗಿ ದಶಕಗಳ ನಂತರ.

ಅಂದರೆ, ವಿಷ ಅಂತ ಕೂಗಿದ ಕಡೆ ಅದು ಕಾರಣ ಆಗಿರಲಿಲ್ಲ, ಅಪೌಷ್ಟಿಕತೆ ಅಂತ ಕೂತ ಕಡೆ ವಿಷವೇ ಕಾರಣವಾಗಿತ್ತು. ಮೂಸಿಯ ಮಣ್ಣು ಜಿನ್‌ಜೂ ದಂಡೆಯಷ್ಟು ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ವಿಷ ಒಂದೇ ನದಿಯಿಂದ, ಒಂದೇ ಬೆಳೆಯಿಂದ ಬರುವುದೂ ಇಲ್ಲ. ಒಂದು ಕಟ್ಟು ಪಾಲಕ್ ಕೊಂಡವರು ನಾಚಾರಂ, ಅಮೀರ್‌ಪೇಟೆ, ಸಿಕಂದರಾಬಾದು ಎಲ್ಲ ಕಡೆ ಹರಡಿದ್ದಾರೆ. ಇವತ್ತು ಮೂಸಿಯದು, ನಾಳೆ ಬೇರೆ ಕಡೆಯದು. 2000ದವರೆಗೂ ಪೆಟ್ರೋಲಿನಲ್ಲೇ ಸೀಸ ಇತ್ತು, ಅದನ್ನು ಉಸಿರಾಡಿದ ತಲೆಮಾರು ನಮ್ಮದು. ಅರವತ್ತನೆಯ ವಯಸ್ಸಿಗೆ ಒಬ್ಬರ ಕಿಡ್ನಿ ಸೋತರೆ ಸಕ್ಕರೆ ಕಾಯಿಲೆ, ಬಿಪಿ, ನೋವಿನ ಮಾತ್ರೆ ಎಲ್ಲದರ ಹೆಸರು ಬರುತ್ತದೆ, ಸೊಪ್ಪಿನ ಹೆಸರು ಬರುವುದಿಲ್ಲ. ಕಾಯಿಲೆ ಹಂಚಿಹೋದಾಗ ಅದಕ್ಕೆ ಊರಿನ ಹೆಸರು ಇಡಲಾಗುವುದಿಲ್ಲ.

ಕಣ್ಣಿಗೆ ಕಾಣುವ ತೊಂದರೆ ಇರುವುದು ತಿನ್ನುವವರಲ್ಲಿ ಅಲ್ಲ, ಬೆಳೆಯುವವರಲ್ಲಿ. ಅಂತಾರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯ ಕಚೇರಿ ಇಲ್ಲಿಯ ಪಟಾನ್‌ಚೆರುವಿನಲ್ಲೇ ಇತ್ತು. ಅದರ ಸಂಶೋಧಕರು 2000ದ ದಶಕದಲ್ಲಿ ಮೂಸಿ ದಂಡೆಯ ರೈತರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೊಳಚೆಯಲ್ಲಿ ಬರಿಗಾಲಲ್ಲಿ ನಿಂತು ಕಳೆ ಕೀಳುವವರಿಗೆ ಕೊಕ್ಕೆಹುಳು, ಜಂತುಹುಳುಗಳ ಕಾಟ, ಮೈ ತುರಿಕೆ. ಕೊಕ್ಕೆಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ, ರಕ್ತಹೀನತೆ ಬರುತ್ತದೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಕರುಳು ಕಬ್ಬಿಣಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತದೆ, ಆ ಬಾಗಿಲಿನಿಂದಲೇ ಕ್ಯಾಡ್ಮಿಯಂ, ಸೀಸ ಹೆಚ್ಚು ಒಳಗೆ ಬರುತ್ತವೆ. ರಕ್ತ ಕಡಿಮೆ ಇದೆ, ಸೊಪ್ಪು ತಿನ್ನಮ್ಮ ಅಂತ ಡಾಕ್ಟರು ಹೇಳುತ್ತಾರೆ. ಆಕೆ ಮನೆಗೆ ಹೋಗಿ ತಾನು ಬೆಳೆದ ಪಾಲಕ್ಕನ್ನೇ ಬೇಯಿಸಿಕೊಳ್ಳುತ್ತಾಳೆ.

ಅದೇ ಸಂಶೋಧಕರು ಇನ್ನೊಂದು ವಿಷಯವನ್ನೂ ಕಂಡರು, ಅದು ನನಗೆ ಬಹಳ ಇಷ್ಟವಾದದ್ದು. ನಗರ ಬಿಟ್ಟು ಕೆಳಗೆ ಹೋದಂತೆ ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಒಂದೊಂದು ಕತ್ವಾದ ಹಿಂದೆ ನೀರು ನಿಂತು, ಗಸಿ ಕೆಳಗೆ ಕೂತು, ಹುಳುವಿನ ಮೊಟ್ಟೆಗಳೂ ಕೂತು, ಬಿಸಿಲು ಗಾಳಿ ತಾಗಿ, ನಲವತ್ತು ಕಿಲೋಮೀಟರ್ ಆಗುವ ಹೊತ್ತಿಗೆ ಅದೇ ನದಿ ಅಂತ ನಂಬಲಾಗದಷ್ಟು ತಿಳಿಯಾಗುತ್ತದೆ. ಯಾವ ಎಂಜಿನಿಯರನೂ ಅದಕ್ಕೆಂದು ಕಟ್ಟಿದ್ದಲ್ಲ. ಆದರೆ ಉಪ್ಪು ಮಾತ್ರ ಹೋಗುವುದಿಲ್ಲ, ಅಲ್ಲಿಯ ಭತ್ತದ ರೈತರು ಇಳುವರಿ ಬಿದ್ದದ್ದಕ್ಕೆ ಅದನ್ನೇ ದೂರುತ್ತಾರೆ. ಕೂತ ಗಸಿಯಲ್ಲಿ ಲೋಹ ಇದೆ. ನಾಳೆ ನದಿಯಲ್ಲಿ ಗಂಡಿಪೇಟೆ ನೀರೇ ಹರಿದರೂ ದಂಡೆಯ ಜೇಡಿಮಣ್ಣು ಹಿಡಿದಿಟ್ಟುಕೊಂಡ ಲೋಹ ಇನ್ನೂ ಎಷ್ಟೋ ದಶಕ ಬೆಳೆಗೆ ಬರುತ್ತಲೇ ಇರುತ್ತದೆ.

ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಅಂತ ಕೇಳುವವರಿಗೆ: ಸೊಪ್ಪು ಬಿಟ್ಟಿಲ್ಲ. ಬಿಡುವುದರಿಂದ ಆಗುವ ನಷ್ಟ ಹೆಚ್ಚು ಅಂತ ನನ್ನ ಲೆಕ್ಕ. ಒಬ್ಬರ ಹತ್ತಿರವೇ ದಿನಾ ಕೊಳ್ಳುವುದಿಲ್ಲ, ಪಾಲಕ್ ವಾರಕ್ಕೆ ಒಂದೇ ಸಲ, ಮಿಕ್ಕ ದಿನ ನುಗ್ಗೆ ಸೊಪ್ಪು. ನುಗ್ಗೆ ಮರ ಕಾಂಪೌಂಡಿನಲ್ಲೇ ಇದೆ. ಕೊತ್ತಂಬರಿ, ಪುದೀನ ಹಸಿಯಾಗಿ ಚಟ್ನಿಗೆ ಹಾಕುವ ಮುಂಚೆ ನನ್ನವಳು ಬಕೆಟ್ಟುಗಟ್ಟಲೆ ನೀರು ಖರ್ಚು ಮಾಡುತ್ತಾಳೆ. ಲೋಹಕ್ಕಿಂತ ಮೊದಲು ನಾಳೆಯೇ ಹೊಟ್ಟೆ ಕೆಡಿಸುವುದು ರೋಗಾಣು ಅಂತ ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಮೂಸಿ ದಂಡೆಯ ಬೆಳೆಗಾರರನ್ನು ವಿಷ ಹಾಕುವವರು ಅಂತ ಬೈಯುವವರ ಜೊತೆ ನಾನು ಸೇರುವುದಿಲ್ಲ. ಹಳದಿ ನೀರು ಬಿಟ್ಟವರು ಅವರಲ್ಲ.

ಈಚಿನ ಸುದ್ದಿ ಅಂದರೆ ಆ ಹೊಲಗಳೇ ಈಗ ಹೋಗುತ್ತಿವೆ. ಉಪ್ಪಲ್ ಭಾಗಾಯತ್ ಅಂತ ಒಂದು ಜಾಗ ಇದೆ. ನಮ್ಮ ಪಹಣಿಯಲ್ಲಿ ಬಾಗಾಯ್ತು ಅಂತ ಬರೆಯುತ್ತಾರಲ್ಲ, ಅದೇ ಪದ, ತೋಟದ ಜಮೀನು. ಅಲ್ಲಿ ಈಗ ಮೆಟ್ರೋ ಡಿಪೋ ಇದೆ, 2017ರ ನವೆಂಬರ್‌ನಲ್ಲಿ ನಾಗೋಲಿನಿಂದ ರೈಲು ಓಡತೊಡಗಿತು. ಪಕ್ಕದ ನೆಲವನ್ನು ನಗರಾಭಿವೃದ್ಧಿ ಪ್ರಾಧಿಕಾರ ನಿವೇಶನ ಮಾಡಿ 2019ರಲ್ಲಿ ಹರಾಜು ಹಾಕಿತು. ಮೂಸಿ ದಂಡೆ ಸುಂದರ ಮಾಡಲು 2017ರಲ್ಲೇ ಒಂದು ನಿಗಮ ಹುಟ್ಟಿತ್ತು, 2024ರಲ್ಲಿ ನದಿ ಪಾತ್ರದ ಮನೆಗಳ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದವು. ಹೊಲಕ್ಕೆ ಸೇರಿದ ಸೀಸದ ಬಗ್ಗೆ ಯಾರೂ ಗುರುತು ಹಾಕಿದ್ದು ನನಗೆ ಕಂಡಿಲ್ಲ.

ಸೊಪ್ಪಿನವರು ಈಗ ಘಟ್‌ಕೇಸರ್ ಅನ್ನುವುದು ಬಿಟ್ಟು "ಚೇವೆಳ್ಳ ಕೂರ" ಅನ್ನುತ್ತಾರೆ. ಚೇವೆಳ್ಳ, ಶಂಕರಪಲ್ಲಿ, ವಿಕಾರಾಬಾದ್ ಅಂದರೆ ಗಂಡಿಪೇಟೆಯ ಆಚೆ, ಮೂಸಿ ಹುಟ್ಟುವ ಅನಂತಗಿರಿಯ ಕಡೆ. ಕೀಟನಾಶಕ ಅಲ್ಲಿಯೂ ಹೊಡೆಯುತ್ತಾರೆ, ನೀರಾದರೂ ಒಳ್ಳೆಯದು. ಆ ಎರಡು ಕೆರೆಗಳ ಸುತ್ತ ಹತ್ತು ಕಿಲೋಮೀಟರ್‌ನಲ್ಲಿ ಕಾರ್ಖಾನೆ, ದೊಡ್ಡ ಕಟ್ಟಡ ಬರದಂತೆ 1996ರಲ್ಲಿ 111ನೇ ಸರ್ಕಾರಿ ಆದೇಶ ತಡೆ ಹಾಕಿತ್ತು. ಎಂಬತ್ತನಾಲ್ಕು ಹಳ್ಳಿಗಳ ಹೊಲ ಅದರಿಂದ ಹೊಲವಾಗಿಯೇ ಉಳಿಯಿತು. 2022ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಲು ಇನ್ನೊಂದು ಆದೇಶ ಹೊರಡಿಸಿತು. ಕಳೆದ ಸಂಕ್ರಾಂತಿಗೆ ಅನಂತಗಿರಿಗೆ ಹೋಗುವಾಗ ಚೇವೆಳ್ಳ ರಸ್ತೆಯ ಎರಡೂ ಬದಿ ನೋಡುತ್ತಾ ಹೋದೆ. ಪಾಲಕ್ ಮಡಿಗಳು ಇನ್ನೂ ಇವೆ, ಅವುಗಳ ನಡುವೆ ವಿಲ್ಲಾ ಪ್ಲಾಟುಗಳ ಬೋರ್ಡು ನೆಟ್ಟಿದ್ದಾರೆ.